ಬಸ್ಸು ಹತ್ತದ ದಿಬ್ಬ

ನಮ್ಮ ಸಾರಿಗೆ ಕಚೇರಿಯಲ್ಲಿ ಬಸ್ಸಿನ ದಾರಿ ಬರೆಯುವ ಸಾಹೇಬರಿಗೆ ಜನಾಂಗ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮೈ ಉರಿಯುತ್ತದೆ. "ನಂಗೆ ಮನುಷ್ಯರೇ ಕಾಣಲ್ಲ ಕಣ್ರೀ, ರಸ್ತೆ ಮಾತ್ರ ಕಾಣೋದು" ಎನ್ನುತ್ತಾ ಡ್ರಾಯರಿನಿಂದ ಪೌಡರ್ ಡಬ್ಬಿ ತೆಗೆದು, ದಿನಕ್ಕೆ ನಾಲ್ಕು ಸಲ ಕುತ್ತಿಗೆಯವರೆಗೂ ಬಳಿದುಕೊಳ್ಳುತ್ತಾರೆ. ಆಮೇಲೆ ಸ್ಕೇಲಿಟ್ಟು ಗೆರೆ ಎಳೆಯುತ್ತಾರೆ. ಕಪ್ಪು ಜನಾಂಗದವರ ಕೇರಿ ಹತ್ತಿರ ಬಂತೋ, ಉಕ್ಕಿನ ಸ್ಕೇಲೂ ಸೊಟ್ಟಗಾಗಿ, ಗೆರೆ ಗೋದಾಮು, ಸ್ಮಶಾನ ಎಲ್ಲವನ್ನೂ ಸುತ್ತಿಕೊಂಡು ಹೋಗುತ್ತದೆ. ಸತ್ತವರಿಗೆ ಮೂರು ನಿಲ್ದಾಣ, ಆ ಕೇರಿಗೆ ಒಂದೂ ಇಲ್ಲ. ಯಾಕೆ ಸಾರ್ ಎಂದು ಕೇಳಿದರೆ, "ಅಲ್ಲಿ ದಿಬ್ಬ ಇದೆ ಮಾರಾಯ್ರೆ, ಬಸ್ ಹತ್ತಲ್ಲ" ಎಂದು ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಒಂದು ದಿಬ್ಬ ಬರೆದೇಬಿಡುತ್ತಾರೆ. ಕೇರಿಯವರ ಅರ್ಜಿ ಬಂದಷ್ಟೂ ದಿಬ್ಬ ಬೆಳೆಯುತ್ತದೆ. ಈಗ ಅದರ ತುದಿಯಲ್ಲಿ ಹಿಮ ಬಿದ್ದಿದೆ. ಆ ಹಿಮವನ್ನು ಕಣ್ಣಾರೆ ನೋಡಿಬಿಡೋಣವೆಂದು ಕಳೆದ ಭಾನುವಾರ ನಾನು ಸೈಕಲ್ ತುಳಿದುಕೊಂಡು ಹೋದೆ. ನೆಲ ಅಂಗೈಯಂತೆ ಸಮತಟ್ಟಾಗಿತ್ತು. ಅಲ್ಲೊಂದು ಮನೆಯ ಮೆಟ್ಟಿಲ ಮೇಲೆ, ಕೊನೆಯ ನಿಲ್ದಾಣದಿಂದ ಎರಡು ಮೈಲಿ ನಡೆದು ಬಂದ ನಮ್ಮ ಸಾಹೇಬರೇ ಏದುಸಿರು ಬಿಡುತ್ತಾ ಕೂತಿದ್ದರು. ಅವರ ತಾಯಿ ಒದ್ದೆ ಬಟ್ಟೆಯಿಂದ ಮಗನ ಮುಖದ ಪೌಡರ್ ಒರೆಸುತ್ತಿದ್ದರು. ಒರೆಸಿದ ಕಡೆಯೆಲ್ಲ ಆಕೆಯದೇ ಬಣ್ಣ ಮೂಡುತ್ತಿತ್ತು. "ಅದೆಲ್ಲೋ ದಿಬ್ಬ ಇದೆಯಂತೆ ಕಣಪ್ಪಾ, ಅದಕ್ಕೇ ನಮ್ಮ ಕಡೆ ಬಸ್ ಬರಲ್ವಂತೆ. ನಂಗಂತೂ ಹುಟ್ಟಿದಾಗಿಂದ ಕಂಡಿಲ್ಲ. ನೀನೇನಾದ್ರೂ ನೋಡಿದ್ದೀಯಾ?" ಎಂದರು ತಾಯಿ. ಸಾಹೇಬರು ತಲೆ ಎತ್ತಲಿಲ್ಲ. "ಹೂಂ ಅಮ್ಮಾ, ದಿನಾ ಹತ್ತಿ ಹತ್ತಿ ಸಾಕಾಗಿದೆ."