ಯಾರೂ ಬಳಸದ ಹೆಸರು

ಅದು ೧೯೭೪ರ ಜೂನ್ ತಿಂಗಳು, ಶಾಲೆಗಳು ಆಗಷ್ಟೇ ತೆರೆದಿದ್ದವು. ಅಂದು ಒಬ್ಬ ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ನಾನು ಕಳೆದ ಒಂದು ಗಂಟೆ ಇನ್ನೂ ಮುಗಿದಿಲ್ಲ. ಪಾತ್ರೆ ತಿಕ್ಕುವಾಗ, ಲೋಕಲ್ ರೈಲಿಗೆ ಕಾಯುವಾಗ, ಯಾವಾಗೆಂದರೆ ಆವಾಗ ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲವೂ ಮೈ ಉರಿಯುತ್ತದೆ.

ಮೊದಲು ನನ್ನ ಹೆಸರಿನ ಸಂಗತಿ ಹೇಳಬೇಕು. ತವರಿನಲ್ಲಿ ನಾನು ಶಾಂತಾ ದೇಶಪಾಂಡೆ. ಧಾರವಾಡದಲ್ಲಿ ಬಿ.ಎ., ಬಿ.ಎಡ್. ಮುಗಿಸಿದ್ದು ಆ ಹೆಸರಿನಲ್ಲೇ. ೧೯೬೯ರಲ್ಲಿ ಮದುವೆಯಾದಾಗ ನಮ್ಮ ಕಡೆಯ ಪದ್ಧತಿಯಂತೆ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಉಂಗುರದಿಂದ ಹೊಸ ಹೆಸರು ಬರೆಸಿದರು: ಮಾಧವಿ. ಅತ್ತೆಯವರು ಆರಿಸಿದ ಹೆಸರು. ನಾನೂ ನಗುನಗುತ್ತಲೇ ಒಪ್ಪಿಕೊಂಡಿದ್ದೆ. ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗ್‌ನಲ್ಲಿ ಎಲ್ಲರಿಗೂ ನಾನು ಮಾಧವಿ. ರೇಶನ್ ಕಾರ್ಡಿನಲ್ಲೂ ಮಾಧವಿ ಕುಲಕರ್ಣಿ. ಶಾಂತಾ ಎಂಬವಳು ಟ್ರಂಕಿನ ತಳದಲ್ಲಿದ್ದ ಸರ್ಟಿಫಿಕೇಟುಗಳಲ್ಲಿ ಮಾತ್ರ ಉಳಿದಳು.

ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ನನಗೆ ಕೆಲಸಕ್ಕೆ ಸೇರುವ ಆಸೆ ಹುಟ್ಟಿತು. ಮಾಟುಂಗದಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದ ಶಾಮರಾಯರು ನನ್ನ ಗಂಡನ ಪರಿಚಯದವರು. ಅಲ್ಲಿನ ಒಂದು ಕನ್ನಡ ಸಂಘಕ್ಕೆ ಅವರೇ ಕಾರ್ಯದರ್ಶಿ. ಒಂದು ಭಾನುವಾರ ನಮ್ಮ ಮನೆಯಲ್ಲಿ ಊಟ ಮಾಡಿ, ಎಲೆಯಡಿಕೆ ಹಾಕಿಕೊಳ್ಳುತ್ತಾ, "ಎಲ್ಲಾ ಒರಿಜಿನಲ್ ಕೊಡವಾ ತಂಗಿ. ಟ್ರೂ ಕಾಪಿ ಟೈಪ್ ಮಾಡಿ, ಆಫೀಸರ್ ಕಡಿಂದ ಸಹಿ ಹಾಕಿಸಿ, ನಮ್ಮವರ ಕನ್ನಡ ಸಾಲಿಗೆ ಅರ್ಜಿ ನಾನ ಒಯ್ದು ಕೊಡ್ತೀನಿ" ಎಂದರು. ಧಾರವಾಡದ ಮಾತು, ಧಾರವಾಡದ ಮನುಷ್ಯ. ನಾನು ಟ್ರಂಕು ತೆಗೆದು ಎಲ್ಲವನ್ನೂ ಕೊಟ್ಟುಬಿಟ್ಟೆ. ಎರಡು ವಾರದ ನಂತರ ಒಂದು ಕಾಗದವೂ ಕಡಿಮೆಯಾಗದಂತೆ ವಾಪಸು ತಂದುಕೊಟ್ಟರು. ಸದ್ಯ ಎಲ್ಲೂ ಜಾಗ ಖಾಲಿ ಇಲ್ಲ ಎಂದರು. ನಾನು ಅವರಿಗೆ ಇನ್ನೊಂದು ಲೋಟ ಚಹಾ ಕೊಟ್ಟೆ. ಆ ಚಹಾ ನೆನಪಾದರೂ ಸಿಟ್ಟು ಬರುತ್ತದೆ.

ಅದಾಗಿ ಒಂದು ವರ್ಷದ ಮೇಲೆ, ಉಪನಗರದ ಒಂದು ಕನ್ನಡ ಶಾಲೆಯಲ್ಲಿ ಜಾಗ ಇದೆಯೆಂದು ಪಕ್ಕದ ಮನೆಯವರು ಹೇಳಿದರು. ಈ ಸಲ ಒರಿಜಿನಲ್ ಹಿಡಿದುಕೊಂಡು ನಾನೇ ಹೋದೆ. ಹೆಡ್‌ಮಿಸ್ಟ್ರೆಸ್ ಉಡುಪಿ ಕಡೆಯವರು, ವಯಸ್ಸಾದ ಗಂಭೀರ ಹೆಂಗಸು. ನನ್ನ ಕಾಗದಗಳನ್ನು ನೋಡುತ್ತಾ ನೋಡುತ್ತಾ ಅವರ ಕೈ ನಿಂತಿತು. ಕಪಾಟಿನಿಂದ ಒಂದು ಫೈಲು ತರಿಸಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರು. ನಂತರ ಬಾಗಿಲ ಕಡೆ ನೋಡಿ ಶಾಂತಾ ಟೀಚರನ್ನು ಕರೆಯಲು ಹೇಳಿದರು. ಪ್ಯೂನ್ ಹೋದ.

ನನಗಿಂತ ಚಿಕ್ಕವಳಾದ ಒಬ್ಬ ಹುಡುಗಿ ಬಂದು ನಿಂತಳು. ಸೀಮೆಸುಣ್ಣ ಮೆತ್ತಿದ ಕೈ. ಹೆಡ್‌ಮಿಸ್ಟ್ರೆಸ್ ಬೇಕೆಂತಲೇ ಇಬ್ಬರನ್ನೂ ನೋಡದೆ, "ಶಾಂತಾ" ಎಂದರು.

"ಹೂಂ ಮೇಡಂ" ಎಂದಳು ಅವಳು, ತಟ್ಟನೆ. ನಾನು ಸುಮ್ಮನೆ ಕೂತಿದ್ದೆ. ಐದು ವರ್ಷದಿಂದ ಆ ಹೆಸರಿಗೆ ಓಗೊಟ್ಟು ಅಭ್ಯಾಸ ತಪ್ಪಿಹೋಗಿತ್ತು.

ಎರಡರಲ್ಲೂ ಅದೇ ಹೆಸರು, ಅದೇ ಊರು, ಅದೇ ಕಾಲೇಜು, ಅದೇ ವರ್ಷ, ಅದೇ ನಂಬರು. ಅವಳ ಫೈಲಿನಲ್ಲಿ ಇದ್ದದ್ದು ಟ್ರೂ ಕಾಪಿಗಳು. ಒರಿಜಿನಲ್ ಲೋಕಲ್‌ನಲ್ಲಿ ಕಳೆದುಹೋದವೆಂದು ಅವಳು ಕೆಲಸಕ್ಕೆ ಸೇರುವಾಗ ಬರೆದುಕೊಟ್ಟಿದ್ದಳಂತೆ. ಈಗ ಆ ಒರಿಜಿನಲ್ ನನ್ನ ಕೈಯಲ್ಲಿ, ನನ್ನ ರೇಶನ್ ಕಾರ್ಡಿನಲ್ಲಿ ಬೇರೆ ಹೆಸರು. ಹೆಡ್‌ಮಿಸ್ಟ್ರೆಸ್ ನನ್ನನ್ನು ನೋಡಿದ ರೀತಿಯಲ್ಲೇ ತಿಳಿಯಿತು, ಇಲ್ಲಿ ಕಳ್ಳಿ ನಾನು.

"ಇದು ನಿಮಗೆ ಎಲ್ಲಿ ಸಿಕ್ಕಿತು? ನಿಜ ಹೇಳಿ" ಎಂದರು.

ಮದುವೆ, ಅಕ್ಕಿ, ಉಂಗುರ ಎಂದು ಏನೇನೋ ಹೇಳಿದೆ. ಹೆಸರು ಬದಲಾದದ್ದಕ್ಕೆ ಗೆಜೆಟ್ ಪ್ರಕಟಣೆ ಇದೆಯೇ ಎಂದು ಕೇಳಿದರು. ನಮ್ಮಲ್ಲಿ ಯಾರು ಮಾಡಿಸುತ್ತಾರೆ? ಕೊನೆಗೆ ಫೋರ್ಟ್ ಏರಿಯಾದಲ್ಲಿದ್ದ ನನ್ನ ಗಂಡನ ಆಫೀಸಿಗೆ ಫೋನ್ ಮಾಡಿ ಎಂದು ನಂಬರು ಕೊಟ್ಟೆ. ಶಾಲೆಯ ಕ್ಲಾರ್ಕ್ ಫೋನ್ ಹಚ್ಚಿ, ನನ್ನ ಗಂಡ ಲೈನಿಗೆ ಬಂದ ಮೇಲೆ ಮರಾಠಿಯಲ್ಲಿ ಕೇಳಿದ, ಶಾಂತಾ ದೇಶಪಾಂಡೆ ನಿಮ್ಮ ಮನೆಯವರೇ ಎಂದು. ಒಂದು ಕ್ಷಣ ಕೇಳಿಸಿಕೊಂಡು ರಿಸೀವರ್ ಇಟ್ಟ.

"ರಾಂಗ್ ನಂಬರ್ ಅಂತೆ ಮೇಡಂ. ಆ ಹೆಸರಿನವರು ಯಾರೂ ಇಲ್ಲವಂತೆ."

ಮಾಧವಿ ಎಂದು ಹೇಳಿ ಇನ್ನೊಮ್ಮೆ ಕೇಳಿ ಎಂದೆ, ಅದಕ್ಕೆ ಯಾರೂ ಕಿವಿಗೊಡಲಿಲ್ಲ. ಹೆಡ್‌ಮಿಸ್ಟ್ರೆಸ್ ಪ್ಯೂನ್‌ಗೆ ಬಾಗಿಲು ಹಾಕಲು ಹೇಳಿ, ಪೊಲೀಸ್ ಠಾಣೆಯ ನಂಬರು ಹುಡುಕಲು ಕ್ಲಾರ್ಕ್‌ಗೆ ಹೇಳಿದರು. ಪೊಲೀಸರು ಬಂದು ನಮ್ಮ ಬಿಲ್ಡಿಂಗ್‌ನಲ್ಲಿ ವಿಚಾರಿಸಿದರೆ ಅಲ್ಲಿಯೂ ಇದೇ ಉತ್ತರ, ಶಾಂತಾ ಎಂಬವರು ಯಾರೂ ಇಲ್ಲ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದೆ. ನಾನೇ ಶಾಂತಾ ಎಂದು ಹೇಳಬಲ್ಲ ತಂದೆತಾಯಿ ಇದ್ದದ್ದು ಧಾರವಾಡದಲ್ಲಿ, ಒಂದು ರಾತ್ರಿಯ ಪ್ರಯಾಣದಾಚೆ.

ಕ್ಲಾರ್ಕ್ ಡೈರಿಯ ಹಾಳೆ ತಿರುವುತ್ತಿದ್ದಾಗ ಹೊಳೆಯಿತು. ನನ್ನ ಎಸ್.ಎಸ್.ಎಲ್.ಸಿ. ಪುಸ್ತಕದ ಮೊದಲ ಪುಟದಲ್ಲಿ ಗುರುತಿನ ಚಿಹ್ನೆಗಳನ್ನು ಬರೆದಿರುತ್ತಾರೆ. ಟ್ರೂ ಕಾಪಿ ಮಾಡಿದವರು ಅಂಕಗಳ ಪುಟವನ್ನಷ್ಟೇ ಟೈಪ್ ಮಾಡಿದ್ದರು. "ಮೇಡಂ, ಮೊದಲನೇ ಪುಟ ಓದ್ರಿ" ಎಂದೆ.

ಅವರು ಜೋರಾಗಿಯೇ ಓದಿದರು. ಎಡ ಮೊಣಕೈ ಮೇಲೆ ಸುಟ್ಟ ಕಲೆ. ಬಲ ಕಿವಿಯ ಕೆಳಗೆ ಮಚ್ಚೆ.

ಆ ಹುಡುಗಿ ಸೆರಗನ್ನು ಎಡಗೈ ಮೇಲೆ ಎಳೆದುಕೊಂಡಳು, ಅಷ್ಟೇ. ಯೋಚಿಸಿ ಮಾಡಿದ್ದಲ್ಲ, ತಾನಾಗಿ ಆದದ್ದು. ನಾನು ಎದ್ದುನಿಂತು ರವಿಕೆಯ ತೋಳು ಮೇಲೆ ಸರಿಸಿದೆ, ತಲೆ ಓರೆ ಮಾಡಿ ಕಿವಿ ತೋರಿಸಿದೆ. ಕ್ಲಾರ್ಕ್ ನೋಡುತ್ತಿದ್ದ, ಪ್ಯೂನ್ ನೋಡುತ್ತಿದ್ದ. ಸಂತೆಯಲ್ಲಿ ಎಮ್ಮೆಗೆ ಸುಳಿ ನೋಡುವಂತೆ ನೋಡಿದರು. ಎರಡು ಡಿಗ್ರಿ ಪಡೆದವಳು ನಾನೇ ಎಂದು ನಂಬಿಸಿದ್ದು ಎಂಟನೇ ವಯಸ್ಸಿನಲ್ಲಿ ಬಚ್ಚಲ ಒಲೆ ತಾಗಿ ಆದ ಒಂದು ಕಲೆ.

ಫೈಲಿನಲ್ಲಿ ಅವಳಿಗೆ ಕೊಟ್ಟ ಶಿಫಾರಸು ಪತ್ರವೂ ಇತ್ತು. ಕೆಳಗೆ ಶಾಮರಾಯರ ಸಹಿ.

ಹೆಡ್‌ಮಿಸ್ಟ್ರೆಸ್ ನನ್ನ ಕ್ಷಮೆ ಕೇಳಿದರು. ಹುಡುಗಿಯನ್ನು ಅಂದೇ ಕೆಲಸದಿಂದ ಬಿಡಿಸಿದರು. ಮೆಟ್ಟಿಲ ಹತ್ತಿರ ಅವಳು ಅಳುತ್ತಾ ನನ್ನ ಹಿಂದೆ ಬಂದಳು. ನನಗೆ ಅವಳ ಕೆನ್ನೆಗೆ ಹೊಡೆಯಬೇಕು ಎನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವಳು ಹೇಳಿದ ಮಾತು ಕೇಳಿ ಕೈ ಏಳಲಿಲ್ಲ.

"ಅಕ್ಕಾರ, ಆ ಹೆಸರು ಈಗ ಯಾರೂ ಬಳಸೂದಿಲ್ಲ, ಬಿಟ್ಟ ಹೆಸರು ಅಂತ ಶಾಮರಾಯರು ಹೇಳಿದ್ರು."

ಯಾರೂ ಉಡದ ಹಳೆಯ ಸೀರೆಯನ್ನು ಟ್ರಂಕಿನಿಂದ ತೆಗೆದು ಬೇರೊಬ್ಬಳಿಗೆ ಉಡಿಸಿದಂತೆ, ಆ ಮನುಷ್ಯ ನನ್ನ ಹೆಸರನ್ನು ಅವಳಿಗೆ ಕೊಟ್ಟಿದ್ದ. ಅದಕ್ಕೆ ಅವಳಿಂದ ಏನು ಪಡೆದಿದ್ದನೋ ನಾನು ಕೇಳಲಿಲ್ಲ. ಅವಳ ನಿಜವಾದ ಹೆಸರು ಏನೆಂಬುದನ್ನೂ ಕೇಳಲಿಲ್ಲ. ಇಂದಿಗೂ ಗೊತ್ತಿಲ್ಲ.

ಸಂಜೆ ನನ್ನ ಗಂಡ, ಗದ್ದಲದಾಗ ತಿಳೀಲಿಲ್ಲ, ಒಮ್ಮೆಲೇ ಹೊಳೀಲಿಲ್ಲ ಎಂದು ಪೆಚ್ಚಾಗಿ ನಿಂತರು. ಪೊಲೀಸರ ಹತ್ತಿರ ಹೋಗೋಣ ಎಂದರೆ ಮಾತ್ರ, "ನಮ್ಮವರ ಮ್ಯಾಲೆ ಕಂಪ್ಲೇಂಟ್ ಹ್ಯಾಂಗ ಕೊಡೂದು? ಆ ಹೆಸರಿಂದ ಈಗ ನಿನಗೇನಾಗಬೇಕಾಗೇದ, ಬಿಡು" ಎಂದರು. ಆಗ ಬಂದ ಸಿಟ್ಟು ಶಾಮರಾಯರ ಮೇಲಿನ ಸಿಟ್ಟಿಗಿಂತ ದೊಡ್ಡದು. ನಾನೊಬ್ಬಳೇ ಠಾಣೆಗೆ ಹೋದೆ. ಬರೆದುಕೊಂಡರು. ಶಾಮರಾಯರು ಮಾತ್ರ, ಕ್ಲಾಸಿಗೆ ಬರುತ್ತಿದ್ದ ಹುಡುಗಿ ಕಾಪಿ ಕದ್ದು, ಅದೇ ಹೆಸರು ಹೇಳಿ ಪತ್ರ ಬರೆಸಿಕೊಂಡಿದ್ದಾಳೆ, ತಮಗೇನೂ ಗೊತ್ತಿಲ್ಲ ಎಂದು ಕೈತೊಳೆದುಕೊಂಡರು. ಅಲ್ಲಿಗೆ ಮುಗಿಯಿತು.

ನಾನು ಕಲಿತದ್ದು ಇಷ್ಟು. ಒರಿಜಿನಲ್ ಕಾಗದ ಯಾರ ಕೈಗೂ ಕೊಡುವುದಿಲ್ಲ, ಕಾಗದ ಹೋದಲ್ಲಿ ನಾನೂ ಹೋಗುತ್ತೇನೆ. ನಕಲು ಕೊಡುವಾಗ, ಯಾವ ಕೆಲಸಕ್ಕೆ ಯಾರಿಗೆ ಕೊಟ್ಟೆನೆಂದು ಅದರ ಮೇಲೆಯೇ ಶಾಯಿಯಿಂದ ಅಡ್ಡಲಾಗಿ ಬರೆಯುತ್ತೇನೆ. ರೇಶನ್ ಕಾರ್ಡಿನಲ್ಲಿ ಶಾಂತಾ ಎಂದು ತಿದ್ದಿಸಿದೆ. ಅತ್ತೆಯವರು ಎರಡು ದಿನ ಮಾತು ಬಿಟ್ಟರು, ಬಿಡಲಿ ಎಂದೆ. ಅದೇ ಶಾಲೆಯಲ್ಲಿ ಈಗ ನಾನೇ ಶಾಂತಾ ಟೀಚರ್.

ಹೋದ ವರ್ಷ ಮಾಟುಂಗದ ಆ ಸಂಘದ ಹಬ್ಬದ ಕಾರ್ಯಕ್ರಮಕ್ಕೆ ಹೋಗಿದ್ದೆವು. ಶಾಮರಾಯರು ಇನ್ನೂ ಕಾರ್ಯದರ್ಶಿ. ಮೈಕ್ ಹಿಡಿದು ಒಬ್ಬೊಬ್ಬ ಹೆಣ್ಣುಮಗಳನ್ನು ಅರಿಸಿನ ಕುಂಕುಮಕ್ಕೆ ಕರೆಯುತ್ತಿದ್ದರು. ನನ್ನನ್ನು ಕಂಡು ಹಲ್ಲು ಕಿರಿದು, "ಮಾಧವಿಬಾಯಾರು ಬರ್ರಿ" ಎಂದರು. ನಾನು ಎದ್ದು ಹೋದೆ. ಮೈಕ್ ಅವರ ಕೈಯಲ್ಲೇ ಇತ್ತು, ನನ್ನ ಮಾತು ಇಡೀ ಹಾಲ್‌ಗೆ ಕೇಳಿಸಿತು.

"ಶಾಂತಾ ಅಂತ ಕರೀರಿ. ನೀವ ಟೈಪ್ ಮಾಡಿದ ಹೆಸರು, ಇಷ್ಟ ಲಗೂನ ಮರತ್ರೇನು?"

ಅವರು ಮೈಕ್ ಕೆಳಗಿಳಿಸಿದರು. ನಾನು ಕುಂಕುಮ ಹಚ್ಚಿಸಿಕೊಳ್ಳದೆ ತಿರುಗಿ ಬಂದೆ. ಹಿಂದಿನ ಸಾಲಿನಿಂದ ನನ್ನ ಗಂಡ ಮೆಲ್ಲಗೆ, "ಶಾಂತಾ, ಹೋಗೂಣೇನು?" ಎಂದರು. ಈ ಸಲ ನಾನು ತಟ್ಟನೆ ತಿರುಗಿದೆ.