ಎಡಹಾಯಿ, ಬಲಹಾಯಿ

ಮೊನ್ನೆ ಹುಕ್ಕೇರಿ ಪೇಟೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನ ಅಂಗಡಿಗೆ ಹೋಗಿದ್ದೆ. ಒಳಗೆ ಹುಣಸೆ ಬೀಜದ ಅಂಟು ಕುದಿಯುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂತಲ್ಲಿ ಕೂರಲಾಗಲಿಲ್ಲ. "ಚಾ ತರಸ್ತೇನಿ, ಕುಂಡರ್ರಿ" ಎಂದು ಅವನು ಹೇಳುತ್ತಿದ್ದರೂ ಪುಸ್ತಕವನ್ನು ಅಲ್ಲೇ ಬಿಟ್ಟು ಹೊರಬಿದ್ದೆ. ಬಿಸಿಲಲ್ಲಿ ಪೇಟೆಯನ್ನು ಎರಡು ಸುತ್ತು ಹಾಕಿದೆ. ಸುಮ್ಮನೆ ಕೂರುವ ಜಾಯಮಾನ ನನಗೆ ಮೊದಲಿನಿಂದಲೂ ಇಲ್ಲ... ಅದರಿಂದಲೇ ಹಿಂದೊಮ್ಮೆ ಒಂದು ಕೆಲಸ ಕೆಟ್ಟಿತು.

ಮೊದಲ ಮಹಾಯುದ್ಧ ಮುಗಿದ ಹೊಸತು. ನಾನು ಗೋಕಾಕದಲ್ಲಿ ಕಾಲುವೆ ಸಾಹೇಬನ ಕಾರಕೂನ. ಬಾಜೂ ಮನೆ ಗೊಂಬೆ ಮಾಡುವ ಅಣ್ಣತಮ್ಮಂದಿರದು. ನಾನು ಇಬ್ಬರನ್ನೂ ಕಾಕಾ ಎನ್ನುತ್ತಿದ್ದೆ; ಅಣ್ಣ, ದೊಡ್ಡ ಕಾಕಾ, ಕಟ್ಟಿಗೆ ಕೆತ್ತುವವನು, ತಮ್ಮ, ಸಣ್ಣ ಕಾಕಾ, ಬಣ್ಣ ಹಚ್ಚುವವನು. ಒಬ್ಬನ ಕೈ ಬಿಟ್ಟು ಇನ್ನೊಬ್ಬನ ಕೈ ನಡೆಯುತ್ತಿರಲಿಲ್ಲ. ಆದರೂ ನಡುಮನೆಯಲ್ಲಿ ಗೋಡೆ ಎದ್ದು ಎರಡು ವರ್ಷವಾಗಿತ್ತು. ಯಾವುದೋ ಎಮ್ಮೆ ಮಾರಿದ ಮಾತಿಗೆ ಜಗಳ ಹತ್ತಿತಂತೆ. ಅಂದಿನಿಂದ ಮಾತು ಬಂದ್. ಅಣ್ಣನ ಗೊಂಬೆಗಳು ಬಣ್ಣವಿಲ್ಲದೆ ಬೋಳಾಗಿ ಕೂತಿದ್ದವು, ತಮ್ಮ ಊರವರ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದ.

ನಮ್ಮ ಸಾಹೇಬನಿಗೊಂದು ಹುಚ್ಚು. ಬಂಗಲೆಯ ನೆಲದ ಮೇಲೆ ನೀಲಿ ಬಟ್ಟೆ ಹಾಸಿ, ಅದೇ ಸಮುದ್ರವೆಂದುಕೊಂಡು, ಬೆಳಗಾವಿಯಿಂದ ಬರುವ ಗೆಳೆಯನ ಜೊತೆ ಹಡಗಿನ ಯುದ್ಧ ಆಡುವುದು. ಇಬ್ಬರೂ ಮೊಣಕಾಲೂರಿ, ಕೋಲಿನಿಂದ ದೂರ ಅಳೆದು, ದಾಳ ಉರುಳಿಸಿ, ಕೂಸುಗಳ ಹಾಗೆ ಕೂಗಾಡುತ್ತಿದ್ದರು. ಮೆಡಿಟರೇನಿಯನ್ ಎಂಬ ದೂರದ ಸಮುದ್ರದ ಹಳೆಯ ಕಾಲದ ಹಡಗುಗಳೇ ಬೇಕೆಂದು, ಚಿತ್ರ ಬರೆದು ಇಪ್ಪತ್ತು ಹಡಗು ಮಾಡಿಸಲು ನನಗೆ ಹೇಳಿದ.

ದೊಡ್ಡ ಕಾಕಾ ಕಂಡದ್ದು ಘಟಪ್ರಭೆಯ ಹರಿಗೋಲು ಮಾತ್ರ. ಆದರೂ ಚಿತ್ರ ನೋಡಿ, ಹಗುರ ಕಟ್ಟಿಗೆಯಲ್ಲಿ ಗೇಣುದ್ದದ ಹಡಗು ಕೆತ್ತಿದ. ಸಂದುಗಳಿಗೆ ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಕಟ್ಟಿಗೆ ಪುಡಿ ಮೆತ್ತಿದ. ಕಸಬರಿಗೆ ಕಡ್ಡಿಗಳೇ ಹುಟ್ಟುಗಳಾದವು, ಅಂಟಿನಲ್ಲಿ ಅದ್ದಿ ಒಣಗಿಸಿದ ಅರಿವೆಯೇ ಮೂರು ಮೂಲೆಯ ಹಾಯಿ. ಬಣ್ಣಕ್ಕೆ ಮಾತ್ರ ತಮ್ಮನೇ ಬೇಕು. ಅಣ್ಣನ ಬಾಗಿಲಿನಿಂದ ತಮ್ಮನ ಬಾಗಿಲಿಗೆ ಹತ್ತೇ ಹೆಜ್ಜೆ, ಆದರೆ ಇಬ್ಬರೂ ದಾಟರು. ಬುಟ್ಟಿ ಹೊರುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಸಲವೂ ಸಣ್ಣ ಕಾಕಾ ಕೆಮ್ಮುತ್ತ ಎದ್ದು ಬಂದು ಕೇಳುತ್ತಿದ್ದ.

"ಅಣ್ಣ ಏನರ ಅಂದಾನೇನ್ರಿ?"

"ಏನಿಲ್ಲ ಕಾಕಾ, ಲಗೂ ಬಣ್ಣ ಹಚ್ರಿ" ಎಂದು ನಾನು ಓಡುತ್ತಿದ್ದೆ. ಆಗ ಅದು ಖರೆಯೇ ಇತ್ತು.

ಹದಿನಾರು ಹಡಗು ಬಂಗಲೆಗೆ ಹೋದಾಗ ಸಾಹೇಬ ಸಿಡಿಮಿಡಿಗೊಂಡ. ಚಿತ್ರದಲ್ಲಿ ಎಲ್ಲ ಹಾಯಿಗಳೂ ಒಂದೇ ಕಡೆ ವಾಲಿದ್ದರೆ, ಇಲ್ಲಿ ಎಂಟು ಎಡಕ್ಕೆ, ಎಂಟು ಬಲಕ್ಕೆ. ಬೀಸುವ ಗಾಳಿ ಒಂದೇ ಆದರೆ ಹಾಯಿ ಎರಡು ಕಡೆ ಹೇಗೆ ವಾಲೀತು ಎಂದು ನನ್ನ ಮೇಲೆ ಹರಿಹಾಯ್ದ. ನಾನು ಬಂದು ದೊಡ್ಡ ಕಾಕಾನ ಮೇಲೆ ಹರಿಹಾಯ್ದೆ. ಅವನಿಗೆ ತಪ್ಪೇ ಕಾಣಲಿಲ್ಲ.

"ನಮ್ಮ ಮನ್ಯಾಗ ಎತ್ತಾಗ್ಲಿ, ಆನಿ ಆಗ್ಲಿ, ಜೋಡೀಲೇ ಹೊರಗ ಹೋಗತಾವ್ರಿ. ಒಂದರ ಮಾರಿ ಎಡಕ್ಕ, ಒಂದರದು ಬಲಕ್ಕ. ಹಡಗ ಒಂದಽ ಯಾಕ ಒಬ್ಬಂಟಿ ಹೋಗಬೇಕು?"

ಅಷ್ಟರಲ್ಲಿ ಸಾಹೇಬನೇ ದಾರಿ ಕಂಡುಕೊಂಡಿದ್ದ. ಎಡಹಾಯಿಯವು ಒಂದು ದಂಡು, ಬಲಹಾಯಿಯವು ವೈರಿ ದಂಡು. ನಾನು ಸಂತೋಷದಿಂದ ಬಂದು ಹೇಳಿದರೆ ದೊಡ್ಡ ಕಾಕಾನ ಕೈಯ ಉಳಿ ನಿಂತಿತು.

"ಜೋಡಿ ಮಾಡಿದ್ದನ್ನ ತಮ್ಮ ತಮ್ಮೊಳಗ ಬಡದಾಡಸಾಕತ್ತಾರೇನ್ರಿ?" ಎಂದ.

ಮರುದಿನ ಕೊನೆಯ ನಾಲ್ಕು ಹಡಗು ಬುಟ್ಟಿಗಿಟ್ಟು, ನನ್ನ ಮುಖ ನೋಡದೆ ಹೇಳಿದ. "ಕೆಮ್ಮ ಹೆಂಗೈತಿ ಅಂತ ತಮ್ಮನ್ನ ಕೇಳ್ರಿ. ನಾ ಕೇಳೇನಿ ಅಂತ ಹೇಳ್ರಿ."

ಎರಡು ವರ್ಷದ ಮೇಲೆ ಆಡಿದ ಮಾತು ಅದು. ನನಗೆ ಗೊತ್ತಿತ್ತು. ಆದರೆ ಅಂದು ಸಂಜೆಗೇ ಬೆಳಗಾವಿಯ ಸಾಹೇಬ ಬರುವವನಿದ್ದ, ನನ್ನ ತಲೆಯಲ್ಲಿ ಅದೊಂದೇ. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟೆ. ಸಣ್ಣ ಕಾಕಾ ಎಂದಿನಂತೆ ಕೇಳಿದ. ನನ್ನ ಬಾಯಿ ಎಂದಿನಂತೆ "ಏನಿಲ್ಲ ಕಾಕಾ, ಲಗೂ ಹಚ್ರಿ" ಎಂದುಬಿಟ್ಟಿತು. ಓಣಿ ದಾಟಿದ ಮೇಲೆ ನೆನಪಾಯಿತು. ನಾಳೆ ಹೇಳಿದರಾಯಿತು ಎಂದುಕೊಂಡೆ.

ಸಂಜೆಯೊಳಗೆ ಸಣ್ಣ ಕಾಕಾ ಬಣ್ಣ ಮುಗಿಸಿ ಬಂಗಲೆಗೇ ಕಳಿಸಿಕೊಟ್ಟ. ಮರುದಿನ ನಸುಕಿನಲ್ಲೇ ಚಕ್ಕಡಿ ಕಟ್ಟಿಸಿಕೊಂಡು ಹೆಂಡತಿಯ ತವರು ಮೂಡಲಗಿಗೆ, ಯಾರೋ ವೈದ್ಯನ ಹತ್ತಿರ, ಹೊರಟುಹೋಗಿದ್ದ. ಹದಿನೈದು ದಿನಕ್ಕೆ ಅಲ್ಲಿಂದ ಸುದ್ದಿ ಬಂತು... ಮಣ್ಣು ಮುಗಿಸಿ ಬಂದ ದೊಡ್ಡ ಕಾಕಾ ನನ್ನ ಬಾಗಿಲಿಗೆ ಬಂದ. ಒಳಗೆ ಕರೆದರೂ ಬರಲಿಲ್ಲ.

"ನಾ ಕೇಳಿದ್ದು ಅವಗ ಹೇಳಿದ್ದಿರಲ್ಲ?"

"ಹೇಳಿದ್ದೆ ಕಾಕಾ."

"ಏನಂದ?"

"ನಕ್ಕ" ಎಂದೆ.

ಅವನ ಮುಖ ಅರಳಿದ್ದನ್ನು ನೋಡಲಾರದೆ ತಲೆ ತಗ್ಗಿಸಿದೆ. ಮುಂದೆ ವರ್ಷಗಟ್ಟಲೆ ಅವನು ಆ ನಗುವಿನ ಮಾತನ್ನು ಕಟ್ಟೆಗೆ ಬಂದವರಿಗೆಲ್ಲ ಹೇಳಿದ. ಕೊನೆಕೊನೆಗೆ ತಮ್ಮ ಯಾವ ಮೂಲೆಯಲ್ಲಿ ಕೂತು, ಹೇಗೆ ನಕ್ಕ ಎಂಬುದೂ ಅವನಿಗೆ ಗೊತ್ತಿತ್ತು. ನಾನು ವರ್ಗ ಮಾಡಿಸಿಕೊಂಡು ಹುಕ್ಕೇರಿಗೆ ಓಡಿಬಂದೆ.

ಈಗ ದೊಡ್ಡ ಕಾಕಾನೂ ಇಲ್ಲ. ಗೋಕಾಕಕ್ಕೆ ಹೋಗಿ ನಿಜ ಹೇಳಬೇಕೆಂದರೂ ಕೇಳುವವರಿಲ್ಲ. ಅಣ್ಣ, ತನ್ನ ಮಾತಿಗೆ ತಮ್ಮ ನಕ್ಕನೆಂದು ನಂಬಿ ಸತ್ತ. ತಮ್ಮ ಮಾತ್ರ, ಅಣ್ಣ ಏನೂ ಕೇಳಲಿಲ್ಲ ಎಂದುಕೊಂಡೇ ಹೋದ.