ಬೆಳಗಿಗೆ ಉಳಿಯಬಾರದ ಊಟ

ಶಿಲೋವಿನಲ್ಲಿ ಉಪ್ಪು ಮಾರುವವನು ಹಸಿದು ಸತ್ತ ಸುದ್ದಿಯನ್ನು ಯಾರೂ ಕೇಳಿಲ್ಲ. ದೇವರ ಗುಡಾರ ಇರುವ ಊರು ಅದು, ಉಪ್ಪು ಬೀಳದ ಬಲಿ ವೇದಿಯ ಮೇಲೆ ಏರುವ ಹಾಗಿಲ್ಲ. ಬಲಿ ಕೊಡಲು ಬರುವವರು ಕುರಿಯನ್ನು ಊರಿಂದಲೇ ಹೊಡೆದುಕೊಂಡು ಬರುತ್ತಾರೆ, ಎಣ್ಣೆಯನ್ನು ಬುದ್ದಲಿಯಲ್ಲಿ ಹೊತ್ತು ತರುತ್ತಾರೆ, ಹಿಟ್ಟನ್ನು ಸೆರಗಿನಲ್ಲಿ ಕಟ್ಟಿ ತರುತ್ತಾರೆ. ಉಪ್ಪನ್ನು ಮಾತ್ರ ಮರೆತು ಬರುತ್ತಾರೆ. ಜನರ ಮರೆವನ್ನು ನಂಬಿ ಬದುಕುವ ವ್ಯಾಪಾರಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ.

ಊರಬಾಗಿಲ ಬಲಗಡೆ ಮಾಕೀರ ಕೂರುತ್ತಿದ್ದ, ಎಡಗಡೆ ಹೊಗ್ಲಾ. ಇಬ್ಬರ ಉಪ್ಪೂ ಒಂದೇ ಉಪ್ಪುಸಮುದ್ರದ ದಡದಿಂದ, ಒಂದೇ ದಾರಿಯಲ್ಲಿ, ಕತ್ತೆಗಳ ಬೆನ್ನೇರಿ ಬಂದದ್ದು. ಆದರೂ ಮಾಕೀರನ ಪ್ರಕಾರ ಹೊಗ್ಲಾಳ ಉಪ್ಪಿನಲ್ಲಿ ಅರ್ಧ ಮರಳು. ಹೊಗ್ಲಾಳ ಪ್ರಕಾರ ಮಾಕೀರನ ಉಪ್ಪಿನಲ್ಲಿ ಅರ್ಧ ಮಾಕೀರನ ಬೆವರು. ಹೆಂಡತಿ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಮನೆಯಲ್ಲಿ ಒಂಟಿಯಾಗಿದ್ದ ಮಾಕೀರನಿಗೆ ದಿನದಲ್ಲಿ ಸಿಗುತ್ತಿದ್ದ ಮಾತೆಲ್ಲ ಈ ಜಗಳದ್ದೇ. ಹೊಗ್ಲಾ ವಿಧವೆ. ಅವಳಿಗೆ ಮನೆ ತುಂಬ ಹೆಣ್ಣುಮಕ್ಕಳೂ ಅಳಿಯಂದಿರೂ ಇದ್ದರು. ಆದರೆ ಎದುರು ಮಾತಾಡುವ ಧೈರ್ಯ ಅವರಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಅವಳಿಗೂ ಮಾಕೀರ ಬೇಕಾಗಿದ್ದ.

ಮಾಕೀರನ ಕೂಗಿಗೆ ಹೆಸರಿತ್ತು. "ಉಪ್ಪೋ ಉಪ್ಪು" ಎಂದು ಮೊದಲು ಕೆಳಗಿನಿಂದ ಎಳೆದು, ಕೊನೆಗೆ ಮೇಲೆತ್ತಿ ಬಿಟ್ಟನೆಂದರೆ ಬೆಟ್ಟದ ತಿರುವಿನಲ್ಲಿರುವ ಗಿರಾಕಿಯೂ ಸೊಂಟದ ಗಂಟು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಬಾರ್ಲಿ ಕೊಯ್ಲಿನ ಕಾಲದ ಒಂದು ದಿನ, ಜಗಳ ಚೆನ್ನಾಗಿ ಕಾವೇರಿದ್ದಾಗ, ಮಾಕೀರ ತೋಳೆತ್ತಿ ಅವಳ ಕಡೆ ಬೀಸಿದ. ಅಂಗಿಯ ತೋಳು ಜಾರಿತು. ಹೊಗ್ಲಾ ಬೈಗುಳದ ನಡುವೆಯೇ ನಿಂತುಬಿಟ್ಟಳು.

"ಏ ಮಾಕೀರ, ಆ ತೋಳಿನ ಮೇಲೇನೋ ಅದು ಬೆಳ್ಳಗೆ?"

"ಉಪ್ಪು ಕಣೇ. ನಿನ್ನ ಹಾಗೆ ಮರಳು ಮಾರೋರಿಗೆ ಅಂಟಲ್ಲ ಇದು."

"ಉಪ್ಪಾದ್ರೆ ಒರೆಸು, ನೋಡಾಣ."

ಮಾಕೀರ ಒರೆಸಿದ. ಹೋಗಲಿಲ್ಲ. ಹೊಗ್ಲಾ ಬಾಗಿಲ ತುಂಬ ಇದ್ದ ಜನಕ್ಕೆಲ್ಲ ಕೇಳುವ ಹಾಗೆ ಹೇಳಿದಳು: "ಅದನ್ನ ಯಾಜಕರಿಗೆ ತೋರಿಸ್ಕೊಂಡು ಬಾ. ಆಮೇಲೆ ಉಪ್ಪು ಮಾರೋವಂತೆ."

ಯಾಜಕ ಪೆತಹ್ಯ ನಿಧಾನದ ಮನುಷ್ಯ. ನೋಡಿದ, ಏಳು ದಿನ ಒಳಗೆ ಕೂಡಿಹಾಕಿಸಿದ, ಮತ್ತೆ ನೋಡಿದ. ಮಚ್ಚೆಯೊಳಗಿನ ಕೂದಲು ಬೆಳ್ಳಗಾಗಿತ್ತು. ಅವನು ಹೇಳಬೇಕಾದ ಮಾತನ್ನು, ಕುಷ್ಠವೆಂಬುದನ್ನು, ಮೆಲ್ಲಗೆ ಹೇಳಿದ. ಊರು ಅದನ್ನು ಮೊದಲೇ ನಂಬಿತ್ತು. ಹೊಗ್ಲಾ ಕಣ್ಣಾರೆ ಕಂಡಿದ್ದಳಲ್ಲ.

ಮಾಕೀರ ಕಟ್ಟಳೆಯಂತೆ ಬಟ್ಟೆ ಹರಿದುಕೊಂಡು, ತಲೆಗೂದಲು ಕೆದರಿಕೊಂಡು, ಬಾಯಿಯ ಮೇಲೆ ಬಟ್ಟೆ ಎಳೆದುಕೊಂಡು ಊರಾಚೆಯ ಗವಿಗೆ ಹೋದ. ಯಾರಾದರೂ ಹತ್ತಿರ ಬಂದರೆ "ಮೈಲಿಗೆ, ಮೈಲಿಗೆ" ಎಂದು ಕೂಗಿ ಎಚ್ಚರಿಸಬೇಕು. ಅವನಿಗೆ ಗೊತ್ತಿದ್ದ ಕೂಗು ಒಂದೇ. ಕೆಳಗಿನಿಂದ ಎಳೆದು ಮೇಲೆತ್ತಿ ಬಿಟ್ಟ. ಮೊದಮೊದಲು ದೂರದ ಹಾದಿಹೋಕರು ಏನೋ ಮಾರುತ್ತಿದ್ದಾನೆಂದುಕೊಂಡು ಇತ್ತಲೇ ಬಂದು, ಆಮೇಲೆ ಎದ್ದೆವೋ ಬಿದ್ದೆವೋ ಎಂದು ಓಡಿದರು. ಎಷ್ಟೋ ದ್ರಾಕ್ಷಿ ಸುಗ್ಗಿಗಳು ಅವನಿಲ್ಲದೆ ಕಳೆದವು. ಊರವರು ಬಂಡೆಯ ಮೇಲೆ ರೊಟ್ಟಿ ಇಟ್ಟುಹೋಗುತ್ತಿದ್ದರು. ಇಟ್ಟವರು ಬಂಡೆ ದಾಟಿ ಹೋಗುವವರೆಗೆ ಅವನು ಕೂಗುತ್ತಲೇ ಇರಬೇಕು.

ಗವಿಯಲ್ಲಿ ಅವನು ದೇವರೊಂದಿಗೆ ಚೌಕಾಸಿಗೆ ಇಳಿದ. ಗುಣ ಮಾಡಿದರೆ ಒಂದು ಪಾರಿವಾಳ ಎಂದ. ಉತ್ತರವಿಲ್ಲ. ಒಂದು ಮೇಕೆ ಎಂದ. ಅದಕ್ಕೂ ಉತ್ತರವಿಲ್ಲ. ಬಾಯಿ ಬಿಡದ ಮಾರಾಟಗಾರನ ಎದುರು ಕೊಳ್ಳುವವನೇ ಬೆಲೆ ಏರಿಸುತ್ತ ಹೋಗಬೇಕು. ಕೊನೆಗೆ, ಕೊಬ್ಬಿದ ಟಗರು, ಅದೂ ಕೃತಜ್ಞತೆಯ ಬಲಿ, ಎಣ್ಣೆರೊಟ್ಟಿಗಳ ಸಮೇತ ಎಂದು ಹರಕೆ ಹೊತ್ತು, ಇನ್ನು ಏರಿಸಲಾರೆ ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ವಾಸಿಯಾದದ್ದು ಯಾವಾಗಿನಿಂದ ಎಂದು ಅವನಿಗೇ ತಿಳಿಯಲಿಲ್ಲ. ಒಂದು ಚಳಿಗಾಲದಲ್ಲಿ ತೋಳು ಬರಿಯ ತೋಳಾಗಿ ಕಂಡಿತು. ಪೆತಹ್ಯ ಊರಾಚೆ ಬಂದು ಬಿಸಿಲಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಎರಡು ಹಕ್ಕಿ ತರಿಸಿ, ಒಂದನ್ನು ಮಣ್ಣಿನ ಬಟ್ಟಲಿನ ಒರತೆ ನೀರಿನ ಮೇಲೆ ಕೊಂದು, ಇನ್ನೊಂದನ್ನು ಆ ನೆತ್ತರಿನಲ್ಲಿ ಅದ್ದಿ ಬಯಲಿಗೆ ಬಿಟ್ಟ. ಕೆಂಪಾದ ಹಕ್ಕಿ ಒಂದು ಗಳಿಗೆ ಕಲ್ಲಿನ ಮೇಲೆ ಕೂತು, ನಂಬಿಕೆ ಬಾರದ ಹಾಗೆ ರೆಕ್ಕೆ ಕೊಡವಿ, ಹಾರಿಹೋಯಿತು. ಮಾಕೀರ ಅದು ಕಾಣದಾಗುವವರೆಗೆ ನೋಡಿದ. ಆಮೇಲೆ ಅವನ ತಲೆ, ಗಡ್ಡ, ಹುಬ್ಬು ಎಲ್ಲವನ್ನೂ ಬೋಳಿಸಿದರು. ಎಂಟನೆಯ ದಿನ ಬಲಗಿವಿಗೆ, ಬಲಗೈ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ನೆತ್ತರು ಮತ್ತು ಎಣ್ಣೆ ಸವರಿ ಪೆತಹ್ಯ ಹೇಳಿದ: "ಹೋಗಪ್ಪ. ಮಡಿಯಾದೆ."

ದೇವರ ಲೆಕ್ಕದಲ್ಲಿ ಮಡಿಯಾದ. ಊರಿನ ಲೆಕ್ಕ ಬೇರೆ. ಅವನ ಕುರಿಗಳನ್ನು ಅಷ್ಟು ದಿನ ಸಾಕಿದ್ದ ಭಾವಮೈದ ಯಾಷೂಬ, ಅವನ್ನು ಆಲಿವ್ ಮರಕ್ಕೆ ಕಟ್ಟಿ, ದೂರದ ಗೋಡೆಯ ಹಿಂದಿನಿಂದ ಕೂಗಿದ: "ಭಾವಾ, ಎಲ್ಲಾ ಸರಿಯಾಗಿವೆ! ಮನೆಗೆ ಬರೋ ಆಯಾಸ ತಗೋಬೇಡ!"

ಹರಕೆಯ ದಿನ ಗೊತ್ತಾದಾಗ ಮಾಕೀರನಿಗೆ ಹೊಸದೊಂದು ಭಯ ಶುರುವಾಯಿತು. ಕೃತಜ್ಞತೆಯ ಬಲಿಯ ಮಾಂಸವನ್ನು ಕೊಟ್ಟ ದಿನವೇ ತಿಂದು ಮುಗಿಸಬೇಕು. ಬೆಳಗಿಗೆ ಒಂದು ತುಣುಕೂ ಉಳಿಯಕೂಡದು, ಉಳಿದದ್ದನ್ನು ಬೆಂಕಿಗೆ ಹಾಕಬೇಕು. ಕೊಬ್ಬು ವೇದಿಗೆ, ಎದೆಯ ಭಾಗವೂ ಬಲತೊಡೆಯೂ ಯಾಜಕನಿಗೆ. ಮಿಕ್ಕದ್ದು ಒಬ್ಬ ಒಂಟಿ ಮನುಷ್ಯ ತಿನ್ನುವಷ್ಟಲ್ಲ. ಅದಕ್ಕೇ ಜನ ನೆಂಟರನ್ನೂ ನೆರೆಯವರನ್ನೂ ಬಡವರನ್ನೂ ಕರೆಯುವುದು. ಕರೆದರೆ ಬರುವವರು ಯಾರು? ಉಳಿದರೆ ಹರಕೆ ಕೆಡುತ್ತದೆ. ಅಷ್ಟೇ ಅಲ್ಲ, ಮಾಕೀರನ ಪಾತ್ರೆಯ ಅಡುಗೆ ಯಾರೂ ಮುಟ್ಟದೆ ಬೂದಿಯಾಯಿತೆಂದರೆ, ಅವನ ಕೈಯ ಉಪ್ಪನ್ನು ಈ ಊರು ಇನ್ನೆಂದೂ ಮುಟ್ಟುವುದಿಲ್ಲ. ಅವನು ಊರೊಳಗೇ ಇನ್ನೊಂದು ಗವಿಯಲ್ಲಿರಬೇಕಾಗುತ್ತದೆ.

ಬೆಳಿಗ್ಗೆಯೇ ಹೊರಟು ಮನೆಮನೆಗೂ ಕರೆದ. ಎಣ್ಣೆಗಾಣದ ಹೂಫಾಮ ಕೆನ್ನೆ ಹಿಡಿದುಕೊಂಡ.

"ಅಯ್ಯೋ ಮಾಕೀರಣ್ಣ, ಹಲ್ಲುನೋವು. ಮಾಂಸ ಅಂದ್ರೆ ಅಗಿಯೋಕೇ ಆಗಲ್ಲ."

"ಮೆತ್ತಗೆ ಬೇಯಿಸ್ತೀನಿ."

"ನುಂಗೋಕೂ ನೋವು ಕಣಣ್ಣ."

ಪಕ್ಕದ ಮನೆಯವಳು ತನಗೆ ಉಪವಾಸವೆಂದಳು. ಅವಳ ಬಾಯಲ್ಲಿ ಅಂಜೂರ ಇತ್ತು.

ಮಧ್ಯಾಹ್ನಕ್ಕೆ ಟಗರು ಬಲಿಯಾಯಿತು. ಮಾಕೀರ ಅದರ ತಲೆಯ ಮೇಲೆ ಕೈಯಿಟ್ಟ. ಅಷ್ಟು ದಿನ ಕಲ್ಲು ಬಿಟ್ಟು ಬೇರೇನನ್ನೂ ಮುಟ್ಟದ ಕೈ ಅದು, ಬೆಚ್ಚಗಿನ ಉಣ್ಣೆಯ ಮೇಲಿಂದ ತೆಗೆಯಲು ಮನಸ್ಸಾಗಲಿಲ್ಲ. ಗುಡಾರದ ಅಂಗಳದಾಚೆ, ಎಲ್ಲರೂ ಬೇಯಿಸುವ ಜಾಗದಲ್ಲಿ ದೊಡ್ಡ ಮಡಕೆ ಏರಿಸಿದ. ತಾನೇ ಸುಟ್ಟ ರೊಟ್ಟಿಗಳನ್ನು ಪಕ್ಕದಲ್ಲಿ ಪೇರಿಸಿದ. ಸುಟ್ಟ ಎನ್ನುವ ಮಾತು ಆ ರೊಟ್ಟಿಗಳಿಗೆ ಎರಡು ಪಟ್ಟು ಸಲ್ಲುತ್ತಿತ್ತು.

ಜೀರಿಗೆಯ ವಾಸನೆ ಅಂಗಳ ತುಂಬಿತು. ಶಿಲೋವಿನ ಜನ ಮಾಂಸ ಕಾಣುವುದು ಹಬ್ಬಕ್ಕೊಮ್ಮೆ. ಕೆಲಸವಿಲ್ಲದಿದ್ದರೂ ಆ ಕಡೆ ಹಾದುಹೋಗುವವರು ಹೆಚ್ಚಾದರು. ಹಲ್ಲುನೋವಿನ ಹೂಫಾಮ ಸುಮಾರು ಸಲ ಹಾದುಹೋದ. ಎಲ್ಲರ ಮೂಗು ಮಡಕೆಯ ಕಡೆ, ಕಾಲು ಮಾತ್ರ ಆಚೆ. ಹಸಿವೂ ಹೆದರಿಕೆಯೂ ಹಾಗೆ ಜಗ್ಗಾಡುವುದನ್ನು ನೋಡಿದರೆ ಬೇರೆ ದಿನ ಮಾಕೀರನಿಗೆ ನಗು ಬರುತ್ತಿತ್ತು.

ಬಿಸಿಲು ಇಳಿಯಿತು. ಆಗ ಬೆಟ್ಟದ ಕಡೆಯಿಂದ ದಾರಿ ನಡೆದು ದಣಿದ ಒಂದು ಬಡ ಕುಟುಂಬ ಬಂತು. ಅವರಿಗೆ ಮಾಕೀರ ಯಾರೆಂದು ಗೊತ್ತಿರಲಿಲ್ಲ. ಹುಬ್ಬಿಲ್ಲದ ಒಬ್ಬ ಬೋಳುತಲೆಯವನೂ ಒಂದು ತುಂಬಿದ ಮಡಕೆಯೂ ಕಂಡವು. ಅವರು ಮಡಕೆಯನ್ನು ನೋಡಿದರು, ನೇರ ಅವನ ಕಡೆಯೇ ನಡೆದು ಬಂದರು.

ಮಾಕೀರನ ಎದೆ ಹಿಗ್ಗಿತು. ಎದ್ದು ನಿಂತು, ಎರಡೂ ಕೈ ಚಾಚಿ, ಹಳೆಯ ಹೆಸರುವಾಸಿ ಕೂಗನ್ನು ಕೆಳಗಿನಿಂದ ಎಳೆದು ಮೇಲೆತ್ತಿ ಬಿಟ್ಟ:

"ಮೈಲಿಗೇ! ಮೈಲಿಗೆ!"

ಬನ್ನಿ, ಊಟಕ್ಕೆ ಬನ್ನಿ ಎನ್ನಬೇಕೆಂದಿದ್ದ. ಹತ್ತಿರ ಬರುವ ಹೆಜ್ಜೆಗೆ ಅಷ್ಟು ವರ್ಷ ಒಂದೇ ಉತ್ತರ ಕೊಟ್ಟಿದ್ದ ನಾಲಿಗೆ ಅದನ್ನೇ ಕೊಟ್ಟಿತು. ಬಡ ಕುಟುಂಬ ಗಂಟುಮೂಟೆ ಎತ್ತಿಕೊಂಡು ಓಡಿತು. ಹಾದುಹೋಗುತ್ತಿದ್ದವರೆಲ್ಲ ಗೋಡೆಗೆ ಒತ್ತಿ ನಿಂತರು.

"ನೋಡಿದ್ರಾ, ಅವನೇ ಹೇಳ್ತಾ ಇದಾನೆ," ಎಂದ ಹೂಫಾಮ.

ಮಾಕೀರ ಬಾಯಿ ಮುಚ್ಚಿಕೊಂಡು ಕೂತ. ಇಷ್ಟೆಲ್ಲ ಕೊಟ್ಟು, ಚರ್ಮ ಶುದ್ಧ ಮಾಡಿದ ದೇವರು ನಾಲಿಗೆಯೊಂದನ್ನು ಯಾಕೆ ಮರೆತನೋ ಎಂದುಕೊಂಡ. ಮಡಕೆ ಕೊತಕೊತ ಎನ್ನುತ್ತಲೇ ಇತ್ತು.

"ಜಾಗ ಬಿಡ್ರೋ, ಜಾಗ ಬಿಡ್ರಿ!"

ಹೊಗ್ಲಾ. ಹಿಂದೆ ಅವಳ ಹೆಣ್ಣುಮಕ್ಕಳು, ಅವರ ಹಿಂದೆ ಅಳಿಯಂದಿರು. ಅವಳು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನೋ ಬೋಳುಗುಂಡಾ, ಊಟಕ್ಕೆ ಕರೆಯೋ ರೀತಿಯೇನೋ ಇದು?"

ಮಾಕೀರನಿಗೆ ಬಾಯಿ ತೆರೆಯಲು ಭಯ. ತಲೆಯಾಡಿಸಿದ.

"ತೋಳು ತೋರಿಸು."

ಅವನು ತೋರಿಸಿದ. ಯಾಜಕ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಉಗುರಿನಲ್ಲಿ ಕೆರೆದಳು. ಹೆಬ್ಬೆರಳಿಗೆ ಉಗುಳು ಹಚ್ಚಿ ತಿಕ್ಕಿದಳು. ಅವನ ತೋಳನ್ನು ಇನ್ನೊಬ್ಬರ ಬರಿಗೈ ಹಿಡಿದು ಎಷ್ಟು ಕಾಲವಾಗಿತ್ತೋ. ಯಾಜಕ ಕೂಡ ಕಣ್ಣಲ್ಲಿ ನೋಡಿ, ಬೆರಳ ತುದಿಯಲ್ಲಿ ಸವರಿದ್ದನೇ ಹೊರತು ಹೀಗೆ, ಸಂತೆಯ ಸೌತೆಕಾಯಿಯ ಹಾಗೆ, ಒತ್ತಿ ನೋಡಿರಲಿಲ್ಲ. ಮಾಕೀರನ ಕಣ್ಣು ತುಂಬಿತು.

ಹೊಗ್ಲಾ ಗೋಡೆಗೆ ಒತ್ತಿಕೊಂಡವರ ಕಡೆ ತಿರುಗಿದಳು.

"ಅವತ್ತು ಯಾಜಕರು ನೋಡೋಕ್ ಮುಂಚೆ ನಾನ್ ನೋಡಿ ಹೇಳ್ದೆ. ನಂಬಿದ್ರಾ ಇಲ್ವಾ? ಪೆತಹ್ಯನೋರು ಏಳು ದಿನ ತಗೊಂಡ್ರು. ನೀವು ಒಂದು ಗಳಿಗೇನೂ ತಗೊಳ್ಳಿಲ್ಲ. ಅದೇ ಕಣ್ಣು ಕಣ್ರೋ ಇದು. ಇವತ್ತು ಹೇಳ್ತಾ ಇದೀನಿ, ಏನೂ ಇಲ್ಲ. ಈಗ್ಯಾಕೆ ಏಳು ವರ್ಷ ಬೇಕು ನಿಮಗೆ?"

ಹೊಗ್ಲಾ ಚಕ್ಕಳಮಕ್ಕಳ ಹಾಕಿ ಮಡಕೆಯ ಮುಂದೆ ಕೂತಳು. "ಮೊದಲು ನೀನು ತಿನ್ನೋ," ಎಂದಳು. ಮಾಕೀರ ರೊಟ್ಟಿ ಮುರಿದು ಬಟ್ಟಲಿನ ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ಅವನ ಕೈ ಬಟ್ಟಲಿಂದ ಪೂರ್ತಿ ಹೊರಗೆ ಬರುವ ಮೊದಲೇ ಅವಳ ಕೈ ಅದೇ ಬಟ್ಟಲಿಗೆ ಇಳಿಯಿತು. ಎಲ್ಲರೂ ಅವಳ ದವಡೆಯನ್ನೇ ನೋಡಿದರು. ಅವಳು ನಿಧಾನವಾಗಿ ಅಗಿದಳು, ನುಂಗಿದಳು, ಮುಖ ಗಂಟಿಕ್ಕಿದಳು.

"ಉಪ್ಪು ಸರಿಯಿಲ್ಲ."

"ಯಾಜಕರ ಆಳು ತಂದುಕೊಟ್ಟಿದ್ದು," ಎಂದ ಮಾಕೀರ. ನಾಲಿಗೆ ತಪ್ಪಲಿಲ್ಲ. ಧೈರ್ಯ ಬಂತು. "ನಿನ್ನ ಅಂಗಡೀದೇ ಕಣೇ ಅದು. ಮರಳು ಹಲ್ಲಿಗೆ ಸಿಕ್ಕಿತಾ?"

ಗೋಡೆಯ ಕಡೆಯಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇನ್ಯಾರೋ. ಹೊಗ್ಲಾಳ ಮುಖ ಕೆಂಪಾಗಿ, ಕೊನೆಗೆ ಅವಳೂ ನಕ್ಕಳು.

"ಅಬ್ಬಾ! ನೀನು ಹೋದ ಮೇಲೆ ನನ್ನ ನಾಲಿಗೆ ತುಕ್ಕು ಹಿಡಿದುಹೋಗಿತ್ತು ಕಣೋ. ಆ ಬಾಗಿಲಲ್ಲಿ ಬೈಯೋಕೆ ಒಂದು ನರಪಿಳ್ಳೆ ಇರ್ಲಿಲ್ಲ." ನಗು ಬಂದಷ್ಟೇ ಬೇಗ ಹೋಯಿತು. ದನಿ ತಗ್ಗಿಸಿ ಕೇಳಿದಳು: "ಅವತ್ತು ನಾನು ಕೂಗಿ ಹೇಳಿದ್ದಕ್ಕೆ ಗವಿಯಲ್ಲಿ ನನ್ನ ಬೈಕೊಂಡೆಯಾ?"

"ದಿನಾ."

"ಒಳ್ಳೇದಾಯ್ತು. ನಿನಗೂ ತುಕ್ಕು ಹಿಡೀಲಿಲ್ಲ." ಮತ್ತೆ ಗಂಟಲು ಎತ್ತಿದಳು: "ಏಯ್ ಹೂಫಾಮ, ಬರಬೇಡ ನೀನು! ಹಲ್ಲುನೋವಂತೆ. ನಾವೇ ತಿಂದು ಮುಗಿಸ್ತೀವಿ, ನಮ್ಮ ಮನೇಲಿ ಹಲ್ಲು ಬೇಕಾದಷ್ಟಿವೆ!"

ಯಾವ ಸರಕನ್ನು ಮುಚ್ಚಿದರೆ ಗಿರಾಕಿ ಮೇಲೆ ಬೀಳುತ್ತಾನೆಂಬುದು ಹೊಗ್ಲಾಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವಳ ಅಳಿಯಂದಿರು ಒಬ್ಬೊಬ್ಬರೇ ಕೂತು ಎಲುಬು ಚೀಪುವ ಸದ್ದು ಶುರುವಾಗಿದ್ದೇ ತಡ, ಹೂಫಾಮನ ಹಲ್ಲುನೋವು ಬಿಟ್ಟುಹೋಯಿತು. ಪಕ್ಕದ ಮನೆಯವಳ ಉಪವಾಸ ಮುರಿಯಿತು. ಓಡಿಹೋಗಿದ್ದ ಬಡ ಕುಟುಂಬವನ್ನು ಹೊಗ್ಲಾಳ ಕಿರಿಮಗಳು ಬಾವಿಯ ಬಳಿಯಿಂದ ಕರೆತಂದಳು. ಭಾವಮೈದ ಯಾಷೂಬ ಕೂಡ ಎಲ್ಲಿಂದಲೋ ಬಂದು, ಮೊದಲಿನಿಂದಲೂ ಅಲ್ಲೇ ಕೂತಿದ್ದವನ ಹಾಗೆ ಕೈ ಚಾಚಿದ. ಮಾಕೀರ ಯಾರನ್ನೂ ಏನನ್ನೂ ಕೇಳಲಿಲ್ಲ. ಬಡಿಸಿದ. ಎಷ್ಟು ಕೈಗಳು ತನ್ನ ಬಟ್ಟಲಿಗೆ ಇಳಿಯುತ್ತಿವೆ ಎಂದು ನೋಡುತ್ತ ಬಡಿಸಿದ.

ಮೊದಲ ನಕ್ಷತ್ರ ಮೂಡುವ ಹೊತ್ತಿಗೆ ಪೆತಹ್ಯ ಬಂದ. "ಏನಪ್ಪಾ ಮಾಕೀರ, ಬೆಳಿಗ್ಗೆ ಬೆಂಕಿಗೆ ಹಾಕೋದು ಏನಾದ್ರೂ ಉಳೀತಾ?"

ಮಾಕೀರ ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿ ತಲೆಕೆಳಗು ಮಾಡಿ ತೋರಿಸಿದ. ಒಂದು ಜೀರಿಗೆ ಕಾಳು ಬಿತ್ತು.

"ಉಳಿಯೋದಿರಲಿ ಯಾಜಕರೇ," ಎಂದ. "ನನ್ನ ಪಾಲಿಗೆ ಮಾಂಸವೇ ಸಿಗಲಿಲ್ಲ." ಹಾಗೆ ಹೇಳುವಾಗ ಅವನ ಮುಖದಲ್ಲಿ ಎಂಥ ಬೆಳಕಿತ್ತೆಂದರೆ, ದೂರು ಹೇಳುತ್ತಿದ್ದಾನೆಂದು ಯಾರೂ ನಂಬುವ ಹಾಗಿರಲಿಲ್ಲ. ಹಸಿದ ಹೊಟ್ಟೆಯಲ್ಲೇ ಗುಡಾರದ ಕಡೆ ತಿರುಗಿ ನೆಲಕ್ಕೆ ಹಣೆ ಹಚ್ಚಿದ. ಬೆಲೆ ಹೆಚ್ಚಾಯಿತೆಂದು ಈ ಒಂದು ವ್ಯಾಪಾರದಲ್ಲಿ ಅವನಿಗೆ ಅನಿಸಲಿಲ್ಲ.

ಹುಬ್ಬು ಬೆಳೆಯುವ ಮೊದಲೇ ಅವನು ಬಾಗಿಲ ಬಲಗಡೆಯಲ್ಲಿ ಮತ್ತೆ ಕೂತ. ಮುದುಕನಾಗುವವರೆಗೂ ಅಲ್ಲೇ ಉಪ್ಪು ಮಾರಿದ. ಆದರೆ ಗಿರಾಕಿ ಕಂಡಾಗಲೆಲ್ಲ ಕೂಗುವ ಮೊದಲು ಒಂದು ಸಲ ಕೆಮ್ಮಿ, ಒಳಗಿನಿಂದ ಯಾವ ಮಾತು ಬರುತ್ತಿದೆ ಎಂದು ನೋಡಿಕೊಳ್ಳುವ ಅಭ್ಯಾಸ ಅವನಿಗೆ ಉಳಿದುಬಿಟ್ಟಿತು. ಅವನು ಕೆಮ್ಮಿದ ತಕ್ಷಣ ಎಡಗಡೆಯಿಂದ ಹೊಗ್ಲಾ ಕೂಗುತ್ತಿದ್ದಳು:

"ಏನೂ ಇಲ್ಲ ಕಣೋ, ಕೂಗು!"

ಅವನು ಕೂಗುತ್ತಿದ್ದ. ಉಪ್ಪೋ ಉಪ್ಪು. ಗಿರಾಕಿ ಬಲಗಡೆಗೆ ತಿರುಗಿದರೆ ಅವಳು ಇಬ್ಬರನ್ನೂ ಬೈಯುತ್ತಿದ್ದಳು.